ಉಜ್ವಲಾಬಾಯಿಯ ಟ್ರಂಕಿನಲ್ಲಿ ನೂರಾ ಮೂವತ್ತೊಂದು ಸಂವಿಧಾನ

ಹುಮನಾಬಾದ್ ಬಸ್ ನಿಲ್ದಾಣದ ಎದುರಿನ ಅಂಗಡಿ ಸಾಲಿನಲ್ಲಿ ಬೆಳಗಿನ ಐದೂವರೆಗೆ ತೆರೆದಿರುವುದು ಎರಡೇ ಬಾಗಿಲು. ಒಂದು ಚಹಾದಂಗಡಿಯದು, ಇನ್ನೊಂದು ಅಶೋಕಕುಮಾರ ಅವರ ಸೈಬರ್ ಕೆಫೆಯದು. ಹೈದರಾಬಾದ್ ಕಡೆಗೆ ಹೋಗುವ ಲಾರಿಗಳು ಹೆದ್ದಾರಿಯಲ್ಲಿ ಹಾಯ್ದಾಗಲೆಲ್ಲ ಕೆಫೆಯ ಗಾಜಿನ ಬಾಗಿಲು ಸಣ್ಣಗೆ ನಡುಗುತ್ತದೆ. ಒಳಗಿರುವ ಮೂರು ಕಂಪ್ಯೂಟರುಗಳಲ್ಲಿ ಒಂದು ಮಾತ್ರ ಬೆಳಗುತ್ತಿದೆ. ಅದರ ಮುಂದೆ, ತಲೆಯ ಮೇಲೆ ಸೆರಗು ಹೊದ್ದು, ಕುರ್ಚಿಯ ಮೇಲೆ ಕಾಲು ಮಡಚಿ ಕುಳಿತ ಮೂವತ್ತೊಂಬತ್ತರ ಹೆಣ್ಣುಮಗಳೊಬ್ಬರು ಮೋಡೆಮ್ಮಿನ ಕಿರುಗುಟ್ಟುವ ಸದ್ದಿಗೆ ಕಿವಿಗೊಟ್ಟಿದ್ದಾರೆ. ಸದ್ದು ಏರುತ್ತದೆ, ಕರಕರ ಎನ್ನುತ್ತದೆ, ಥಟ್ಟನೆ ನಿಲ್ಲುತ್ತದೆ. ಆಗ ಅವರು ಹಿಡಿದಿಟ್ಟ ಉಸಿರು ಬಿಡುತ್ತಾರೆ.

“ಸಿಕ್ತ್ರಿ ಲೈನು,” ಎಂದು ನನ್ನ ಕಡೆ ತಿರುಗುತ್ತಾರೆ ಉಜ್ವಲಾ. “ಈ ಹೊತ್ತಿನ್ಯಾಗ ಖುಲ್ಲಾ ಇರ್ತದ. ಎಂಟು ಬಡೀತಂದ್ರ ಊರ ಮಂದಿ ಎಲ್ಲಾ ಫೋನ್ ಹಿಡೀತಾರ. ಆಮ್ಯಾಲ ಒಂದ್ ಪುಟ ಬರಾಕ ಒಂದ್ ತಾಸು ಬೇಕು.”

ಪಕ್ಕದಲ್ಲಿ ಉದ್ದನೆಯ ರೂಲ್ ಪುಸ್ತಕವೊಂದು ತೆರೆದುಕೊಂಡಿದೆ. ನಿನ್ನೆಯ ತಾರೀಖಿನ ಎದುರು ಪೆನ್ಸಿಲ್ಲಿನಲ್ಲಿ ‘ಪರಾಗ್ವೆ, ೧೧೭ಕ್ಕೆ ನಿಂತದ’ ಎಂದು ಬರೆದಿದೆ. ನಿನ್ನೆ ಆ ದೇಶದ ಸಂವಿಧಾನದ ನೂರಾ ಹದಿನೇಳನೆಯ ವಿಧಿಯ ಹತ್ತಿರ ತಂತಿ ಕಡಿದುಹೋಯಿತಂತೆ. ಇಂದು ಅಲ್ಲಿಂದ ಮುಂದೆ ಇಳಿಸಿಕೊಳ್ಳಬೇಕು. ಪರದೆಯ ಮೇಲೆ ಒಂದೊಂದೇ ಸಾಲು ಮೇಲಿನಿಂದ ಕೆಳಗೆ ಮೂಡುತ್ತದೆ. ಉಜ್ವಲಾ ಅದನ್ನು ಸಂತೆಯಲ್ಲಿ ತಕ್ಕಡಿ ನೋಡುವಷ್ಟು ಎಚ್ಚರದಿಂದ ನೋಡುತ್ತಾರೆ.

ಅವರು ಮಾಡುತ್ತಿರುವ ಕೆಲಸ ಇಷ್ಟು: ಜಗತ್ತಿನ ದೇಶಗಳ ಸಂವಿಧಾನಗಳನ್ನು ಇಂಟರ್‌ನೆಟ್ಟಿನಲ್ಲಿ ಹುಡುಕುವುದು, ಇಳಿಸಿಕೊಳ್ಳುವುದು, ಮುದ್ರಿಸಿ ದಾರ ಹಾಕಿ ಹೊಲಿಯುವುದು. ಕೇಳಿ ಬಂದವರಿಗೆ ಬೇಕಾದ ಪುಟ ತೆಗೆದು, ತಿಳಿದಷ್ಟು ಕನ್ನಡದಲ್ಲಿ ಹೇಳುವುದು. ಯಾರೂ ಇದನ್ನು ಮಾಡು ಎಂದು ಅವರಿಗೆ ಹೇಳಿಲ್ಲ. ಆರು ವರ್ಷದಲ್ಲಿ ನೂರಾ ಮೂವತ್ತೊಂದು ದೇಶ ಮುಗಿದಿವೆ. ಒಳ್ಳೆಯ ದಿನ ಒಂದೇ ಬೆಳಗಿನಲ್ಲಿ ಒಂದು ಸಣ್ಣ ದೇಶ ಸಿಗುತ್ತದೆ. ಕೆಟ್ಟ ದಿನ ಹತ್ತು ಪುಟ. ಮಳೆಗಾಲದಲ್ಲಿ ಎಷ್ಟೋ ಸಲ ಏನೂ ಇಲ್ಲ. ಎಂಟು ಗಂಟೆಯವರೆಗೆ ಕಂಪ್ಯೂಟರ್ ಅವರದು. ಅದಕ್ಕೆ ಬದಲಾಗಿ ಮಧ್ಯಾಹ್ನದವರೆಗೆ ಅವರು ಅಶೋಕಕುಮಾರರ ಗಿರಾಕಿಗಳಿಗೆ ಟೈಪ್ ಮಾಡಿಕೊಡುತ್ತಾರೆ. ಆಮೇಲೆ ಕೋರ್ಟಿನ ಬೇವಿನ ಗಿಡದ ಕೆಳಗೆ ಅವರ ಹಳೆಯ ಟೈಪ್‌ರೈಟರ್ ಕಾಯುತ್ತಿರುತ್ತದೆ.

ದಿನವೂ ನಸುಕಿನಲ್ಲಿ ಅವರನ್ನು ಹುಡಗಿ ಎಂಬ ತಮ್ಮೂರಿನಿಂದ ಸೈಕಲ್ಲಿನ ಮೇಲೆ ಕೂಡಿಸಿಕೊಂಡು ಬಂದು ಬಿಡುವವರು ಗಂಡ ಹಣಮಂತ. ಪಾಲಿಗೆ ಮಾಡಿದ ಎರಡು ಎಕರೆಯಲ್ಲಿ ತೊಗರಿ, ಜೋಳ ಬೆಳೆಯುವ ಮನುಷ್ಯ. “ಮಂದಿ ಹೆಂಡ್ರು ಬೆಳಗಾದ್ರ ಹೊಲಕ್ಕ ಹೋಗ್ತಾರ್ರಿ, ನಮ್ಮಾಕಿ ಬ್ರೆಜಿಲ್‌ಗೆ ಹೋಗ್ತಾಳ,” ಎಂದು ನಗುತ್ತಾರೆ. ನಗೆಯಲ್ಲಿ ದೂರಿಲ್ಲ.

ಉಜ್ವಲಾ ಹುಟ್ಟಿದ್ದು ಘಾಟಬೋರಾಳದಲ್ಲಿ. ತಂದೆ ತಾಯಿ ಇಬ್ಬರೂ ಬೇರೆಯವರ ಹೊಲದಲ್ಲಿ ಕೂಲಿ ಮಾಡಿದವರು. ಕನ್ನಡ ಶಾಲೆಯಲ್ಲಿ ಹತ್ತನೆಯ ಇಯತ್ತೆ ಪಾಸಾದಾಗ ಬಸವಕಲ್ಯಾಣದಲ್ಲಿದ್ದ ಸೋದರತ್ತೆ ಅವರನ್ನು ಕರೆದುಕೊಂಡು ಹೋಗಿ ಟೈಪಿಂಗ್ ಕ್ಲಾಸಿಗೆ ಹಾಕಿದರು. ಎರಡು ವರ್ಷದಲ್ಲಿ ಕನ್ನಡ, ಇಂಗ್ಲಿಷ್ ಎರಡೂ ಪರೀಕ್ಷೆ ಮುಗಿದವು. “ಬೆರಳಿಗಿ ಇಂಗ್ಲಿಷ್ ಬಂತ್ರಿ, ತಲೀಗಿ ಬರ್ಲಿಲ್ಲ,” ಎಂದು ಅವರೇ ಹೇಳುತ್ತಾರೆ. “ಯಾವ ಶಬ್ದ ಕೊಟ್ರೂ ಸ್ಪೆಲ್ಲಿಂಗ್ ತಪ್ಪತಿದ್ದಿಲ್ಲ. ಅದರ ಮತಲಬ್ ಏನು ಅಂತ ಕೇಳಿದ್ರ ಗೊತ್ತಿಲ್ಲ.”

ಮದುವೆಯಾಗಿ ಹುಡಗಿಗೆ ಬಂದ ಮೇಲೆ, ೧೯೯೧ರಲ್ಲಿ, ಹುಮನಾಬಾದ್ ಕೋರ್ಟಿನ ಬಳಿ ಟೈಪ್‌ರೈಟರ್ ಇಟ್ಟುಕೊಂಡು ಕುಳಿತರು. ಆ ಸಾಲಿನಲ್ಲಿ ಅವರೊಬ್ಬರೇ ಹೆಂಗಸು. ಕೈ ಜೋರು, ತಪ್ಪಿಲ್ಲ. ವಕೀಲರ ಗುಮಾಸ್ತರು ಕರಡು ತಂದು ಕೊಡುತ್ತಿದ್ದರು, ಇವರು ಬಡಿದು ಕೊಡುತ್ತಿದ್ದರು. ದಿನಕ್ಕೆ ಹದಿನಾಲ್ಕು, ಹದಿನೈದು ಕಾಗದ. ಯಾವ ಕಾಗದದಲ್ಲಿ ಯಾರ ಬದುಕು ಏನಾಗುತ್ತಿದೆ ಎಂದು ನೋಡಲು ಪುರುಸೊತ್ತಿರಲಿಲ್ಲ. ನೋಡಬೇಕು ಎಂದು ಅನ್ನಿಸಿಯೂ ಇರಲಿಲ್ಲ.

೧೯೯೬ರ ಬೇಸಿಗೆಯಲ್ಲಿ ಸಂಗಮ್ಮ ಎಂಬ ಹೆಣ್ಣುಮಗಳು ಅಣ್ಣತಮ್ಮಂದಿರ ಜೊತೆ ಬಂದಿದ್ದರು. ಇಂಗ್ಲಿಷಿನ ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿ, ಗಿಡದ ಕೆಳಗೆ ನೀರು ಕುಡಿದು ಹೋದರು. ಅದನ್ನು ಟೈಪ್ ಮಾಡಿದವರು ಉಜ್ವಲಾ. ಎರಡು ತಿಂಗಳಾದ ಮೇಲೆ ಸಂಗಮ್ಮ ಒಬ್ಬರೇ ಬಂದು ಟೈಪ್‌ರೈಟರಿನ ಮುಂದೆ ನೆಲದ ಮೇಲೆ ಕುಳಿತರು. ಕೈಯಲ್ಲಿ ಆ ಕಾಗದದ ನಕಲು ಇತ್ತು.

“ನಾ ಬೈಯಾಕ ಬಂದಿಲ್ಲ ತಂಗಿ,” ಎಂದರಂತೆ. “ನೀ ಏನ್ ಬರ್ದಿದ್ದಿ, ಅದನ್ನ ಒಮ್ಮಿ ಓದಿ ಹೇಳು.”

ಉಜ್ವಲಾ ಓದಿದರು. ಪಕ್ಕದ ಟೈಪಿಸ್ಟರನ್ನು ಕೇಳಿ ಕೇಳಿ ಕನ್ನಡದಲ್ಲಿ ಹೇಳಿದರು. ತಂದೆಯ ಆಸ್ತಿಯಲ್ಲಿ ತನಗಿರುವ ಹಕ್ಕನ್ನೆಲ್ಲ ಸ್ವಸಂತೋಷದಿಂದ ಬಿಟ್ಟುಕೊಟ್ಟಿದ್ದೇನೆ, ಓದಿ ಹೇಳಿದ್ದನ್ನು ಕೇಳಿ ತಿಳಿದುಕೊಂಡು ಹೆಬ್ಬೆಟ್ಟು ಹಾಕಿದ್ದೇನೆ ಎಂದು ಅದರಲ್ಲಿತ್ತು. ಓದಿ ಹೇಳಿದವರು ಯಾರೂ ಇರಲಿಲ್ಲ. ಆ ಸಾಲನ್ನು ಟೈಪ್ ಮಾಡಿದ ಬೆರಳುಗಳು ಮಾತ್ರ ಅಲ್ಲಿದ್ದವು.

“ನಾ ಕೋರ್ಟಿನ್ಯಾಗ ಬಂದು ಹೇಳ್ತೀನಕ್ಕ, ನಿನಗ ಯಾರೂ ಓದಿ ಹೇಳಿಲ್ಲಂತ,” ಎಂದು ಉಜ್ವಲಾ ಸಂಗಮ್ಮನವರ ಕೈ ಹಿಡಿದುಕೊಂಡರು.

ಸಂಗಮ್ಮ ತಲೆ ಅಲ್ಲಾಡಿಸಿದರು. “ಬ್ಯಾಡ ತಂಗಿ. ಹೊಲ ಹೋತು, ಹೋಗ್ಲಿ. ಕೋರ್ಟಿಗಿ ಹೋದ್ರ ತವರಮನಿ ಬಾಗ್ಲಾನೂ ಹೋಗ್ತದ.” ಕಾಗದವನ್ನು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದು ಹೋದರು. ಮತ್ತೆ ಬರಲಿಲ್ಲ. ಅವರ ಊರು ಯಾವುದೆಂದು ಗುಮಾಸ್ತರು ಹೇಳಲಿಲ್ಲ.

ಈ ಮಾತು ಹೇಳುವಾಗ ಉಜ್ವಲಾ ಪರದೆಯ ಕಡೆ ನೋಡುತ್ತಿದ್ದಾರೆ, ಆದರೆ ಓದುತ್ತಿಲ್ಲ. “ಆಕಿ ಬೈದಿದ್ರ ಚಲೋ ಇತ್ತು,” ಎನ್ನುತ್ತಾರೆ.

ಮರುದಿನದಿಂದ ಅವರು ಒಂದು ನಿಯಮ ಹಾಕಿಕೊಂಡರು. ದಸ್ಕತ್ತು ಹಾಕುವವರಿಗೆ ಕನ್ನಡದಲ್ಲಿ ಓದಿ ಹೇಳದೆ ಯಾವ ಕಾಗದವನ್ನೂ ಕೈಬಿಡುವುದಿಲ್ಲ. ಓದಿ ಹೇಳಬೇಕೆಂದರೆ ಮೊದಲು ತನಗೆ ತಿಳಿಯಬೇಕು, ತಿಳಿಯಬೇಕೆಂದರೆ ನಿಘಂಟು ತಿರುವಬೇಕು. ಹೊತ್ತು ಹಿಡಿಯುತ್ತಿತ್ತು. ಗುಮಾಸ್ತರಿಗೆ ಸಿಟ್ಟು ಬಂತು. ಹದಿನೈದು ಕಾಗದ ನಾಲ್ಕಕ್ಕೆ ಇಳಿದವು. ಕೆಲವು ದಿನ ಒಂದೂ ಇಲ್ಲ. ಆ ವರ್ಷ ಗುಲಬರ್ಗಾಕ್ಕೆ ಬೀಜ ತರಲು ಹೋದ ಹಣಮಂತ ಬರುವಾಗ ಕಾಯ್ದೆ ಪುಸ್ತಕದ ಅಂಗಡಿಯಿಂದ ಭಾರತದ ಸಂವಿಧಾನದ ಕನ್ನಡ ಪ್ರತಿ ತಂದು ಹೆಂಡತಿಯ ಮುಂದಿಟ್ಟರು. “ಎಲ್ಲಾ ಕಾಯ್ದೆದ ತಾಯಿಬೇರು ಇದ್ರಾಗ ಅದ ಅಂತ ಅಂಗಡಿಯಂವ ಅಂದ. ಇದೊಂದು ಓದಿದ್ರ ಸಾಕಾಗ್ತದ ಅಂತ ತಿಳಕೊಂಡಿದ್ದೆ ನಾ,” ಎನ್ನುತ್ತಾರೆ ಹಣಮಂತ. ಆ ಪುಸ್ತಕ ಓದಿ ಮುಗಿಸಲು ಉಜ್ವಲಾಗೆ ಒಂದು ವರ್ಷ ಹಿಡಿಯಿತು.

೨೦೦೧ರಲ್ಲಿ ಅಶೋಕಕುಮಾರ ಸೈಬರ್ ಕೆಫೆ ತೆರೆದರು. ಕೀಲಿಮಣೆ ನೋಡದೆ ಟೈಪ್ ಮಾಡಬಲ್ಲವರು ಬೇಕಾಗಿತ್ತು, ಉಜ್ವಲಾರನ್ನು ಕರೆದರು. ಹುಡುಕುವುದು ಹೇಗೆಂದು ತೋರಿಸಿ, “ನಿಮಗ ಏನ್ ಬೇಕೋ ಬಡೀರಿ ಬಾಯಿ,” ಎಂದರಂತೆ. ಏನು ಬಡಿಯಬೇಕೆಂದು ತೋಚದೆ ಉಜ್ವಲಾ ತಾವು ಅರ್ಜಿಗಳಲ್ಲಿ ಸಾವಿರ ಸಲ ಬಡಿದಿದ್ದ ಶಬ್ದವನ್ನೇ ಬಡಿದರು: ಕಾನ್‌ಸ್ಟಿಟ್ಯೂಷನ್. ಭಾರತದ್ದು ಬರುತ್ತದೆ ಎಂದುಕೊಂಡಿದ್ದರು. ಫಿಜಿ, ಫಿನ್ಲೆಂಡ್, ಘಾನಾ ಎಂದು ಉದ್ದ ಪಟ್ಟಿಯೇ ಬಂತು.

“ಖರೇ ಹೇಳ್ತೀನ್ರಿ, ಬ್ಯಾರೆ ದೇಶಕ್ಕೂ ಸಂವಿಧಾನ ಇರ್ತಾವ ಅಂತ ನಂಗ ಗೊತ್ತಿದ್ದಿಲ್ಲ. ಅದು ನಮ್ಮಲ್ಲಷ್ಟ ಅದ ಅಂತ ತಿಳಕೊಂಡಿದ್ದೆ. ಘಾನಾ ತೆಗ್ದು ನೋಡಿದ್ರ, ಅಲ್ಲಿ ಹೆಣ್ಮಕ್ಕಳ ಬಗ್ಗಿ ಒಂದ್ ಕಲಂ ಅದ, ಮಕ್ಕಳ ಬಗ್ಗಿ ಅದ. ಅವತ್ತ ಮನಿಗಿ ಹೋಗೂದ ಮರ್ತಿದ್ದೆ.”

ಅಂದು ಮೊದಲಾದದ್ದು ಇನ್ನೂ ನಿಂತಿಲ್ಲ. ಹುಡುಕಾಟ ಅಂದುಕೊಂಡಷ್ಟು ಸುಲಭವಾಗಿರಲಿಲ್ಲ. ಜರ್ಮನಿಯವರು ತಮ್ಮದನ್ನು ಸಂವಿಧಾನ ಎಂದೇ ಕರೆಯುವುದಿಲ್ಲ, ‘ಮೂಲ ಕಾನೂನು’ ಎನ್ನುತ್ತಾರೆ ಎಂದು ತಿಳಿಯಲು ಒಂದು ವಾರ ಬೇಕಾಯಿತು. ಇಂಗ್ಲೆಂಡಿನದಂತೂ ಹದಿನೆಂಟು ದಿನ ಹುಡುಕಿದರೂ ಸಿಗಲಿಲ್ಲ. ಕಂಪ್ಯೂಟರ್ ಕೆಟ್ಟಿದೆ ಎಂದು ಅಶೋಕಕುಮಾರರ ಜೊತೆ ಜಗಳವೂ ಆಯಿತು. ಕೊನೆಗೆ ಒಂದು ಕಡೆ ಓದಿದರು: ಆ ದೇಶಕ್ಕೆ ಒಂದೇ ಪುಸ್ತಕವಾಗಿ ಬರೆದಿಟ್ಟ ಸಂವಿಧಾನವೇ ಇಲ್ಲ. “ನಮ್ಮನ್ನ ಅಷ್ಟ ದಿನಾ ಆಳಿದವ್ರದ್ದ ಇಲ್ಲಂದ್ರ ಹ್ಯಾಂಗ್ರಿ!” ಎಂದು ಈಗಲೂ ಬೆರಗಾಗುತ್ತಾರೆ.

ಕಷ್ಟ ಅದೊಂದೇ ಅಲ್ಲ. ಇಂಟರ್‌ನೆಟ್ಟಿನಲ್ಲಿರುವುದು ಹಳೆಯ ಪ್ರತಿಯೋ ಈಗ ಜಾರಿಯಲ್ಲಿರುವುದೋ ಎಂದು ನೋಡಬೇಕು. ಮೊದಲ ವರ್ಷ, ರದ್ದಾಗಿ ಎಷ್ಟೋ ಕಾಲವಾಗಿದ್ದ ಒಂದು ಸಂವಿಧಾನವನ್ನು ಪೂರ್ತಿ ಇಳಿಸಿಕೊಂಡು, ಹೊಲಿದು, ಓದಿಯೂ ಮುಗಿಸಿದ್ದರು. ಅಂದಿನಿಂದ ಅವರು ಮೊದಲು ನೋಡುವುದು ತಾರೀಖನ್ನು. ಆ ದೇಶದ ಸಂಸತ್ತಿನ ಪುಟ, ದೂತಾವಾಸದ ಪುಟ, ಯಾವುದಾದರೂ ವಿಶ್ವವಿದ್ಯಾಲಯದ ಪುಟ, ಮೂರರಲ್ಲಿ ಎರಡು ಕೂಡಿದರೆ ಮಾತ್ರ ಮುದ್ರಣ. ಫ್ಲಾಪಿಗಳಲ್ಲಿ ಇಟ್ಟದ್ದು ಒಂದು ಏಪ್ರಿಲ್ಲಿನ ಬಿಸಿಲಿಗೆ ಕೆಟ್ಟಿತು. “ಒಂದ ಬ್ಯಾಸಗಿಗಿ ಹನ್ನೊಂದು ದೇಶ ಹೋದುವ್ರಿ,” ಎನ್ನುತ್ತಾರೆ. ಆಮೇಲೆ ಅವರು ನಂಬಿದ್ದು ಕಾಗದವನ್ನು. ಕೋರ್ಟಿನ ಟೈಪಿಸ್ಟರು ಕೆಡಿಸಿ ಬಿಸಾಡಿದ, ಒಂದು ಬದಿ ಖಾಲಿ ಇರುವ ಹಾಳೆಗಳನ್ನು ಕೇಳಿ ತಂದು ಅದರ ಮೇಲೇ ಮುದ್ರಿಸುತ್ತಾರೆ. ಹಾಗಾಗಿ ಚಿಲಿ ದೇಶದ ಬೆನ್ನಿಗೆ ಯಾರದೋ ಬದುವಿನ ತಕರಾರು ಅರ್ಧಕ್ಕೆ ನಿಂತಿದೆ.

ಕೋರ್ಟಿನ ಅಂಗಳದಲ್ಲಿ ಇದೊಂದು ತಮಾಷೆಯ ವಿಷಯವಾಗಿತ್ತು. “ಏನ್ ಬಾಯಿ, ಇವತ್ತ ಯಾವ ದೇಶ?” ಎಂದು ಗುಮಾಸ್ತರು ದಿನವೂ ಕೇಳುತ್ತಿದ್ದರು. ‘ಸಂವಿಧಾನಬಾಯಿ’ ಎಂಬ ಹೆಸರು ಬಿತ್ತು. ಹೆಸರಿಟ್ಟವರು ನಗಲೆಂದೇ ಇಟ್ಟಿದ್ದರು. ೨೦೦೪ರಲ್ಲಿ ಅದೇ ಹೆಸರು ಹಿಡಿದುಕೊಂಡು ಟೈಪ್‌ರೈಟರಿನ ಮುಂದೆ ಬಂದವರು ಬಸವಕಲ್ಯಾಣದ ಅಕ್ಬರಿ.

ಅಕ್ಬರಿಯ ಗಂಡ ಮೊಹಿನುದ್ದೀನ್ ಲಾರಿ ಡ್ರೈವರ್. ಹಿಂದಿನ ವರ್ಷ ಕುವೈತಿಗೆ ಹೋಗಿ ಒಬ್ಬ ಗುತ್ತಿಗೆದಾರನ ನೀರಿನ ಟ್ಯಾಂಕರ್ ಓಡಿಸುತ್ತಿದ್ದರು. ಏಳು ತಿಂಗಳಿಂದ ಪಗಾರ ಇಲ್ಲ, ಪಾಸ್‌ಪೋರ್ಟ್ ಗುತ್ತಿಗೆದಾರನ ಕಪಾಟಿನಲ್ಲಿ. ಊರಿಗೆ ಹೋಗುತ್ತೇನೆ ಎಂದರೆ ಬಿಡುವುದಿಲ್ಲ. ಕೆಲಸಕ್ಕೆ ಬರುವುದಿಲ್ಲ ಎಂದರೆ ಪೊಲೀಸರಿಗೆ ಹಿಡಿದು ಕೊಡುತ್ತೇನೆ ಎಂಬ ಬೆದರಿಕೆ. ಪ್ರತಿ ಶುಕ್ರವಾರ ನೆರೆಮನೆಯ ಫೋನಿಗೆ ಎರಡು ನಿಮಿಷ ಕರೆ ಬರುತ್ತಿತ್ತು. ಕಳೆದ ಸಲ ಮೊಹಿನುದ್ದೀನ್ ಮಾತಾಡಲಿಲ್ಲ, ಅತ್ತರು. ಅರ್ಜಿ ಬರೆಸಲು ಕೋರ್ಟಿನ ಹತ್ತಿರ ಬಂದ ಅಕ್ಬರಿಗೆ ಒಬ್ಬ ಗುಮಾಸ್ತ, “ಪರದೇಶದ್ದಾದ್ರ ಸಂವಿಧಾನಬಾಯಿ ಕಡಿ ಹೋಗು,” ಎಂದು ನಗುತ್ತಾ ಕೈ ತೋರಿಸಿದ.

ಅಕ್ಬರಿ ಆ ದಿನವನ್ನು ನೆನೆಯುತ್ತಾರೆ. “ಅವರು ನಗಾಡಿದ್ದು ನಂಗ ತಿಳೀತ್ರಿ. ಆದ್ರ ಬಾಯಿಯವ್ರ ಮುಖ ನೋಡಿದ ಮ್ಯಾಲ ಕುಂತೆ. ‘ನಮ್ಮ ಮನಿಯವ್ರಿಗೆ ಅಲ್ಲಿ ಮಾಲಕ, ನಿನಗ ಇಲ್ಲಿ ಯಾವ ಕಾನೂನೂ ಇಲ್ಲ ಅಂತಾನ. ಅದು ಖರೇನೋ ಸುಳ್ಳೋ, ಇಷ್ಟ ನೋಡಿ ಹೇಳ್ರಿ’ ಅಂತ ಕೇಳ್ದೆ.”

ಕುವೈತ್ ಉಜ್ವಲಾ ಅವರ ಪಟ್ಟಿಯಲ್ಲಿ ಇನ್ನೂ ಬಂದಿರಲಿಲ್ಲ. ಎರಡನೆಯ ಬೆಳಗ್ಗೆ ಇಂಗ್ಲಿಷ್ ಪ್ರತಿ ಸಿಕ್ಕಿತು. ನಲವತ್ತೆರಡನೆಯ ವಿಧಿ: ರಾಷ್ಟ್ರದ ತುರ್ತು ಸಂದರ್ಭಕ್ಕೆಂದು ಕಾನೂನು ಹೇಳಿದಾಗ, ಅದೂ ನ್ಯಾಯವಾದ ಕೂಲಿ ಕೊಟ್ಟು ಮಾಡಿಸಿಕೊಳ್ಳುವುದನ್ನು ಬಿಟ್ಟರೆ, ಯಾರ ಮೇಲೂ ಬಲವಂತದ ದುಡಿಮೆ ಹೇರುವಂತಿಲ್ಲ. ಉಜ್ವಲಾ ಅದನ್ನು ಮೂರು ಸಲ ಓದಿದರು. ಆಮೇಲೆ ಬೇರೊಂದು ಪುಟದಲ್ಲಿ, ನಡುವೆ ಆ ಸಂವಿಧಾನದ ಕೆಲವು ವಿಧಿಗಳನ್ನು ಅಮಾನತಿನಲ್ಲಿ ಇಟ್ಟಿದ್ದರೆಂದು ಓದಿದರು. ನಲವತ್ತೆರಡು ಅದರಲ್ಲಿಲ್ಲ ಎಂದು ಖಾತ್ರಿ ಮಾಡಿಕೊಳ್ಳಲು ಇನ್ನೂ ಮೂರು ಬೆಳಗು ಹೋದವು.

ಆದರೆ ಇಂಗ್ಲಿಷ್ ಕಾಗದ ಹಿಡಿದು ಮೊಹಿನುದ್ದೀನ್ ಯಾರ ಮುಂದೆ ನಿಲ್ಲಬೇಕು? ಅವರಿಗೆ ಇಂಗ್ಲಿಷ್ ಬಾರದು, ಗುತ್ತಿಗೆದಾರನ ಮ್ಯಾನೇಜರಿಗೆ ಬೇಕಿಲ್ಲ. ಅರಬ್ಬಿಯಲ್ಲೇ ಬೇಕು. ಅರಬ್ಬಿ ಪುಟ ಸಿಕ್ಕಿತು. ತೆರೆದರೆ ಪರದೆಯ ತುಂಬ ಬರೀ ಚೌಕಗಳು. ಕೆಫೆಯ ಕಂಪ್ಯೂಟರಿನಲ್ಲಿ ಆ ಲಿಪಿಯೇ ಇರಲಿಲ್ಲ. ಅಶೋಕಕುಮಾರ ಬೀದರಿಗೆ ಹೋಗಿ ಒಂದು ಸಿ.ಡಿ. ತಂದು ಹಾಕಿದರು. ಆಗ ಅಕ್ಷರ ಮೂಡಿದವು, ಆದರೆ ಬಿಡಿಬಿಡಿಯಾಗಿ, ತಿರುವುಮುರುವಾಗಿ. ಎರಡು ಶುಕ್ರವಾರ ದಾಟಿಹೋದವು. ಎರಡು ಸಲವೂ ಅಕ್ಬರಿ ಫೋನಿನಲ್ಲಿ ಗಂಡನಿಗೆ, “ಹುಡ್ಕಾಕತ್ತಾರ, ಸಬರ್ ಮಾಡ್ರಿ,” ಎಂದರು.

ಹನ್ನೆರಡನೆಯ ದಿನ ಉಜ್ವಲಾಗೆ ಆ ಸಂವಿಧಾನದ ಛಾಪಿಸಿದ ಪುಸ್ತಕದ ಹಾಳೆಗಳನ್ನೇ ಚಿತ್ರ ತೆಗೆದು ಹಾಕಿದ್ದ ಪುಟವೊಂದು ಸಿಕ್ಕಿತು. ಚಿತ್ರಕ್ಕೆ ಲಿಪಿಯ ಹಂಗಿಲ್ಲ. ಆದರೆ ಒಂದು ಹಾಳೆ ಇಳಿಯಲು ಮುಕ್ಕಾಲು ತಾಸು. ಮೇಲಾಗಿ ಯಾವ ಹಾಳೆಯಲ್ಲಿ ಯಾವ ವಿಧಿ ಇದೆ ಎಂದು ಅರಬ್ಬಿ ಬಾರದ ಉಜ್ವಲಾಗೆ ಹೇಗೆ ಗೊತ್ತಾಗಬೇಕು? ಅಕ್ಬರಿ ತಮ್ಮ ಚಿಕ್ಕಮ್ಮ ಸರ್ವರಿಯನ್ನು ಕರೆತಂದರು. ಬಸವಕಲ್ಯಾಣದ ಕೋಟೆ ಹಿಂದಿನ ಓಣಿಯಲ್ಲಿ ಹೆಣ್ಣುಮಕ್ಕಳಿಗೆ ಅರಬ್ಬಿ ಓದು ಕಲಿಸುವ ಅರವತ್ತೈದರ ಹಿರಿಯರು. ಮೊದಲ ಬಸ್ಸಿಗೆ ಬಂದು, ಕಂಪ್ಯೂಟರಿನ ಮುಂದೆ ಕುರ್ಚಿ ಎಳೆದುಕೊಂಡು, ಕನ್ನಡಕ ಸೆರಗಿಗೆ ಒರೆಸಿ ಕುಳಿತರು. ಹಾಳೆ ಮೂಡಿದಂತೆ ಬೆರಳಿಟ್ಟು ಅಂಕಿ ಓದಿದರು. ಮೊದಲ ದಿನ ಇಪ್ಪತ್ತೊಂದರವರೆಗೆ ಬಂದರು. ಎರಡನೆಯ ದಿನ, ಗುರುವಾರ, ನಲವತ್ತೆರಡರ ಹಾಳೆ ಅರ್ಧ ಮೂಡಿತು. ಸರ್ವರಿ “ಇಕತಾಲೀಸ್” ಎಂದು ನಲವತ್ತೊಂದರ ಮೇಲೆ ಬೆರಳಿಟ್ಟಿದ್ದರು. ತಂತಿ ಕಡಿಯಿತು.

“ಆ ಕಂಪ್ಯೂಟರ್ ಒಡೀಬೇಕು ಅನ್ನಿಸ್ತ್ರಿ,” ಎನ್ನುತ್ತಾರೆ ಉಜ್ವಲಾ. ಆ ದಿನ ಮತ್ತೆ ಲೈನು ಸಿಗಲಿಲ್ಲ. ಸರ್ವರಿ ಊರಿಗೆ ಹೋಗಲಿಲ್ಲ. ಹುಡಗಿಗೆ ಬಂದು ಉಜ್ವಲಾರ ಮನೆಯಲ್ಲೇ ಉಳಿದರು. ಶುಕ್ರವಾರ ಬೆಳಗ್ಗೆ ಹಣಮಂತ ಎರಡು ಸಲ ಸೈಕಲ್ ತುಳಿದು ಇಬ್ಬರನ್ನೂ ತಂದು ಬಿಟ್ಟರು. ಆರೂ ಮುಕ್ಕಾಲಿಗೆ ಹಾಳೆ ಕೆಳಗಿನವರೆಗೂ ಮೂಡಿತು. ಸರ್ವರಿ ಗಟ್ಟಿಯಾಗಿ ಓದಿದರು, ಪ್ರತಿ ಪದವನ್ನೂ ತಡೆದು ತಡೆದು. ಉಜ್ವಲಾ ಇಂಗ್ಲಿಷ್ ಪ್ರತಿಯ ಮೇಲೆ ಬೆರಳಿಟ್ಟುಕೊಂಡು ಕೇಳಿದರು. ಆ ಹಾಳೆಯನ್ನು ಮುದ್ರಿಸಿ ಪಕ್ಕದ ಫೋನ್ ಬೂತಿನಿಂದ, ಮೊಹಿನುದ್ದೀನ್ ಇದ್ದ ಕ್ಯಾಂಪಿನ ಹತ್ತಿರದ ಕಿರಾಣಿ ಅಂಗಡಿಯ ಫ್ಯಾಕ್ಸ್‌ಗೆ ಕಳಿಸಿದರು. ಎರಡು ಸಲ ಹೋಗಲಿಲ್ಲ, ಮೂರನೆಯ ಸಲ ಹೋಯಿತು.

ಮುಂದಿನದನ್ನು ಮೊಹಿನುದ್ದೀನ್ ಅವರ ಬಾಯಲ್ಲೇ ಕೇಳಬೇಕು. ಈಗ ಅವರು ಬಸವಕಲ್ಯಾಣದಲ್ಲಿ ಮತ್ತೆ ಲಾರಿ ಓಡಿಸುತ್ತಾರೆ. “ನಂಗ ಅರಬ್ಬಿ ಮಾತಾಡಾಕ ಬರಲ್ರಿ. ಸಣ್ಣವ ಇದ್ದಾಗ ಓದಾಕ ಕಲ್ತಿದ್ದೆ. ಕಾಗದ ತಗೊಂಡು ನಾಕ ಮಂದಿ ಡ್ರೈವರ್ ಕೂಡ್ಕೊಂಡು ಮ್ಯಾನೇಜರ್ ಕಡಿ ಹ್ವಾದೆ. ನಿಂತ್ಕೊಂಡ ಓದ್ದೆ. ನನ್ನ ಓದು ಕೇಳಿ ಅಂವ ಜೋರ್ ನಕ್ಕ. ಆಮ್ಯಾಲ ಕಾಗದ ಕಸ್ಕೊಂಡು ತಾನ ಓದ್ದ. ಆಮ್ಯಾಲ ನಗ್ಲಿಲ್ಲ.”

ಪಾಸ್‌ಪೋರ್ಟ್ ಅಂದೇ ಸಿಗಲಿಲ್ಲ. ನಾಲ್ಕೂ ಮಂದಿ ನಮ್ಮ ದೂತಾವಾಸಕ್ಕೆ ಹೋದರು, ಅಲ್ಲಿಂದ ಕಾರ್ಮಿಕರ ಕಚೇರಿಗೆ ಹೋದರು, ಹೇಳಿಕೆ ಕೊಟ್ಟರು. ನಾಲ್ಕು ತಿಂಗಳು ಹಿಡಿಯಿತು. ಬರಬೇಕಾದ ಪಗಾರ ಪೂರಾ ಬರಲಿಲ್ಲ. ಆದರೆ ನಾಲ್ಕೂ ಮಂದಿ ಮನೆಗೆ ಬಂದರು. “ಕಾಗದದಿಂದ ಆತೋ, ದೂತಾವಾಸದವ್ರಿಂದ ಆತೋ, ಅಲ್ಲಾನಿಗೆ ಗೊತ್ತು,” ಎನ್ನುತ್ತಾರೆ ಮೊಹಿನುದ್ದೀನ್. “ಆದ್ರ ನಿನಗ ಕಾನೂನು ಇಲ್ಲ ಅಂತ ಅಂದಿದ್ನಲ್ಲ, ಅದು ಸುಳ್ಳು ಅಂತ ನಂಗ ಗೊತ್ತಾತು. ಅವತ್ತಿಂದ ನಾ ನೆಟ್ಟಗ ನಿಂತೆ.”

ಹೈದರಾಬಾದಿನಲ್ಲಿ ವಿಮಾನ ಇಳಿದು ಬಸ್ಸು ಹತ್ತಿದ ಮೊಹಿನುದ್ದೀನ್ ಮನೆಗೆ ಮುಟ್ಟುವ ಮೊದಲೇ ಹುಮನಾಬಾದಿನಲ್ಲಿ ಇಳಿದಿದ್ದರು. ಗಂಟು ಮೂಟೆ ಸಮೇತ ಕೆಫೆಯ ಬಾಗಿಲಲ್ಲಿ ನಿಂತು, “ಸಂವಿಧಾನಬಾಯಿ ಅಂದ್ರ ಯಾರ್ರಿ?” ಎಂದು ಕೇಳಿದರಂತೆ. ಉಜ್ವಲಾ ಎದ್ದು ನಿಂತರು. ಮೊಹಿನುದ್ದೀನ್ ಒಂದು ಡಬ್ಬಿ ಖರ್ಜೂರ ಮೇಜಿನ ಮೇಲಿಟ್ಟು, ಬಸ್ಸು ಬಿಡುತ್ತದೆ ಎಂದು ಓಡಿದರು.

“ನಾ ಏನೂ ಮಾಡಿಲ್ರಿ,” ಎನ್ನುತ್ತಾರೆ ಉಜ್ವಲಾ. “ಅವರ ದೇಶದವ್ರ ಅದನ್ನ ಬರ್ದಿಟ್ಟಿದ್ರು. ನಾ ಬರೇ ಹುಡುಕಿ ಕೊಟ್ಟೆ.”

ಆಮೇಲೆ ಜನ ಬರತೊಡಗಿದರು. ಮಗ ಮಸ್ಕತ್ತಿನಲ್ಲಿದ್ದಾನೆ, ಅಳಿಯ ಮಲೇಷ್ಯಾದಲ್ಲಿದ್ದಾನೆ ಎಂದು ಭಾಲ್ಕಿ, ಚಿಟಗುಪ್ಪಾ ಕಡೆಯಿಂದಲೂ ಬಂದರು. ಎಲ್ಲರಿಗೂ ಉತ್ತರ ಸಿಗುವುದಿಲ್ಲ. ಹೋದ ವರ್ಷ ಬಂದಿದ್ದ ಒಬ್ಬ ತಾಯಿಯ ಮಗ ಹೊರದೇಶವೊಂದರ ಜೈಲಿನಲ್ಲಿದ್ದ. ಉಜ್ವಲಾ ಒಂದು ತಿಂಗಳು ಹುಡುಕಿದರು. ಆ ಮಗನಿಗೆ ಆಸರೆಯಾಗುವ ಸಾಲು ಆ ದೇಶದ ಸಂವಿಧಾನದಲ್ಲಿ ಅವರಿಗೆ ಕಾಣಲಿಲ್ಲ. ದೊಡ್ಡ ವಕೀಲರ ವಿಳಾಸ ಬರೆದು ಕೊಟ್ಟು, ಇದ್ದದ್ದನ್ನು ಇದ್ದ ಹಾಗೆ ಹೇಳಿದರು. “ಇಲ್ಲ ಅಂತ ಹೇಳೂದು ಬಾಳ ತ್ರಾಸ್ರಿ. ಆದ್ರ ಇಲ್ಲದ್ದನ್ನ ಅದ ಅಂತ ಹ್ಯಾಂಗ ಹೇಳ್ಲಿ?” ಆ ತಾಯಿ ಕುಳಿತಿದ್ದ ಸ್ಟೂಲನ್ನು ಸುಮಾರು ದಿನ ತಮಗೆ ನೋಡಲಾಗಲಿಲ್ಲ ಎಂದು ಹೇಳುತ್ತಾರೆ.

ಕೋರ್ಟಿನ ಅಂಗಳದಲ್ಲಿ ಈಗ ನಗುವವರು ಕಡಿಮೆ. ಮಹಾರುದ್ರಪ್ಪ ಎಂಬ ಹಿರಿಯ ವಕೀಲರು ತಮ್ಮ ಕಕ್ಷಿದಾರರನ್ನು ಉಜ್ವಲಾರ ಕಡೆಗೇ ಕಳಿಸುತ್ತಾರೆ. “ಮದಲ ಈಕಿ ಹೊತ್ತು ಹಾಳ ಮಾಡ್ತಾಳ ಅಂತ ಬೈತಿದ್ದೆ,” ಎಂದು ಒಪ್ಪಿಕೊಳ್ಳುತ್ತಾರೆ ಅವರು. “ಈಗ ಈಕಿ ಓದಿ ಹೇಳಿದ ಕಾಗದದ ಮ್ಯಾಲ ತಂಟೆ ಬರಂಗಿಲ್ಲ. ನಮ್ಮಂಥ ವಕೀಲರು ಮಾಡಬೇಕಾಗಿದ್ದ ಕೆಲಸ ಅದು, ಟೈಪಿಸ್ಟ್ ಮಾಡ್ಯಾಳ.” ಹದಿನೈದು ಕಾಗದ ಮತ್ತೆ ಬಂದಿಲ್ಲ. ದಿನಕ್ಕೆ ಏಳೆಂಟು. ಅಷ್ಟು ಸಾಕು ಎನ್ನುತ್ತಾರೆ ಉಜ್ವಲಾ.

ಹುಡಗಿಯ ಅವರ ಮನೆಯಲ್ಲಿ, ಜೋಳದ ಚೀಲಗಳ ಪಕ್ಕದಲ್ಲಿ, ಮದುವೆಯಲ್ಲಿ ಕೊಟ್ಟ ಕಬ್ಬಿಣದ ಟ್ರಂಕಿದೆ. ಇಲಿಗೆ ಹೆದರಿ ಅದರಲ್ಲಿ ಬೇವಿನ ಸೊಪ್ಪು ಹಾಕಿದ್ದಾರೆ. ಮುಚ್ಚಳ ತೆಗೆದರೆ ಒಣಗಿದ ಎಲೆಯ ವಾಸನೆಯ ಜೊತೆ ದೇಶಗಳು ಮೇಲೆ ಬರುತ್ತವೆ, ಒಂದೊಂದಕ್ಕೂ ಹಳೆ ಸೀರೆಯ ಅಂಚಿನ ಹೊದಿಕೆ. ಇದನ್ನೆಲ್ಲ ತಾಲೂಕಿನ ಗ್ರಂಥಾಲಯದ ಒಂದು ಕಪಾಟಿನಲ್ಲಿ ಇಡಬೇಕು, ತನ್ನನ್ನು ಕೇಳದೆ ಯಾರು ಬೇಕಾದರೂ ತೆಗೆದು ಓದುವಂತಾಗಬೇಕು ಎಂಬುದೊಂದೇ ಅವರ ಬಯಕೆ. ಅರ್ಜಿ ಬರೆದಿದ್ದಾರೆ, ತಾವೇ ಟೈಪ್ ಮಾಡಿ. ಉತ್ತರ ಇನ್ನೂ ಬಂದಿಲ್ಲ. ಅರವತ್ತಕ್ಕೂ ಹೆಚ್ಚು ದೇಶ ಬಾಕಿ ಇವೆ. ಫ್ರೆಂಚ್, ಸ್ಪ್ಯಾನಿಷ್ ಓದಬಲ್ಲವರು ಈ ಭಾಗದಲ್ಲಿ ಯಾರಾದರೂ ಇದ್ದರೆ ತಿಳಿಸಿ ಎಂದು ನನ್ನ ಮುಂದೆ ಕೈ ಮುಗಿದರು. ಅದನ್ನು ಇಲ್ಲಿ ಬರೆದಿದ್ದೇನೆ.

ನಾನು ಹೊರಡಲು ಎದ್ದಾಗ ಅವರು ಟ್ರಂಕಿನ ಮೂಲೆಯಿಂದ ಒಂದು ಹೊಸ ಕಟ್ಟು ತೆಗೆದು ತೋರಿಸಿದರು. ಹೊದಿಕೆ ಇನ್ನೂ ಹಾಕಿಲ್ಲ. ಈ ವರ್ಷದ ಜನವರಿಯಲ್ಲಿ ಜಾರಿಗೆ ಬಂದ ನೇಪಾಳದ ಮಧ್ಯಂತರ ಸಂವಿಧಾನ. ಇಂಗ್ಲಿಷಿನದಲ್ಲ, ನೇಪಾಳಿಯದೇ, ನಾಗರಿ ಲಿಪಿಯಲ್ಲಿ. ಅವರಿಗೆ ಶಾಲೆಯಲ್ಲಿ ಕಲಿತ ಹಿಂದಿ ಇದೆ, ರಾಜ್ಯದ ಗಡಿಯಾಚೆಯಿಂದ ಬಂದ ತಾಯಿಯ ಮರಾಠಿ ಇದೆ; ಎರಡಕ್ಕೂ ಅದೇ ಲಿಪಿ. ಉಜ್ವಲಾ ಮೊದಲ ಸಾಲಿನ ಮೇಲೆ ಬೆರಳಿಟ್ಟರು.

“ಹಾಮೀ ಅಂತ ಅದ ನೋಡ್ರಿ. ಹಾಮೀ ಅಂದ್ರ ‘ನಾವು’. ಮರಾಠಿ ‘ಆಮ್ಹೀ’ ಇದ್ದಾಂಗ.” ಬೆರಳು ಮುಂದಿನ ಪದಕ್ಕೆ ಸರಿಯಿತು. ಅಲ್ಲಿ ನಿಂತು, ಸೆರಗು ಸರಿಮಾಡಿಕೊಂಡು, ಸಣ್ಣ ದನಿಯಲ್ಲಿ ಹೇಳಿದರು: “ಇದೊಂದು ದೇಶ ಮಾತ್ರ ಯಾರನ್ನೂ ಕೇಳದ, ಡಿಕ್ಷನರಿ ಮುಟ್ಟದ, ನಾನ ಓದೀನ್ರಿ.”